ಆಸ್ಪತ್ರೆಯಲ್ಲಿ ಚಿತ್ರ ಪ್ರದರ್ಶನ ಮಾಡುವುದು ಹೇಗೆ: ಗೋಡೆ ಮೊದಲು, ಚಿತ್ರ ಆಮೇಲೆ

ಮೈಸೂರು, ಮಂಡ್ಯ ಕಡೆಯ ಆಸ್ಪತ್ರೆಗಳಲ್ಲಿ ಚಿತ್ರ ಪ್ರದರ್ಶನ ಮಾಡಬೇಕು ಅಂತ ಹೊರಡುವ ಕಲಾವಿದರು, ಕಾಲೇಜು ಹುಡುಗರು, ಸೇವಾ ಸಂಸ್ಥೆಯವರು ಸಾಮಾನ್ಯವಾಗಿ ಒಂದೇ ಕಡೆ ಎಡವುತ್ತಾರೆ. ಮೊದಲು ಚಿತ್ರ ಆರಿಸುತ್ತಾರೆ. ಆಮೇಲೆ ಚೌಕಟ್ಟು ಹಾಕಿಸುತ್ತಾರೆ. ಆಮೇಲೆ ದೊಡ್ಡ ಡಾಕ್ಟರ ಹತ್ತಿರ ಹೋಗಿ ಒಪ್ಪಿಗೆ ಕೇಳುತ್ತಾರೆ. ಗೋಡೆ ನೋಡುವುದು ಎಲ್ಲಕ್ಕಿಂತ ಕೊನೆಗೆ. ಉದ್ಘಾಟನೆ ಚೆನ್ನಾಗಿಯೇ ಆಗುತ್ತದೆ, ಪೇಪರಿನಲ್ಲಿ ಫೋಟೊನೂ ಬರುತ್ತದೆ. ತಿಂಗಳು ಕಳೆಯುವುದರೊಳಗೆ ಚಿತ್ರಗಳು ಒಂದೊಂದಾಗಿ ಸ್ಟೋರ್ ರೂಮ್ ಸೇರುತ್ತವೆ.

ಕಲಾಮಂದಿರಕ್ಕೆ ಬರುವವರು ಚಿತ್ರ ನೋಡಲೆಂದೇ ಬರುತ್ತಾರೆ. ಆಸ್ಪತ್ರೆಗೆ ಹಾಗೆ ಯಾರೂ ಬರುವುದಿಲ್ಲ. ಅಲ್ಲಿ ಚಿತ್ರ ಉಳಿಯಬೇಕೋ ಬೇಡವೋ ಅಂತ ತೀರ್ಮಾನಿಸುವವರು ವಾರ್ಡಿನ ಸಿಸ್ಟರ್, ನೆಲ ಒರೆಸುವವರು, ಸ್ಟ್ರೆಚರ್ ತಳ್ಳುವವರು. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಚಿತ್ರದ ಆಯ್ಕೆ ನಾಲ್ಕನೇ ಹಂತದಲ್ಲಿದೆ. ದಯವಿಟ್ಟು ಈ ಕ್ರಮ ಬದಲಿಸಬೇಡಿ.

## ಹಂತ 1: ಬರಿಗೈಲಿ ಹೋಗಿ ಗೋಡೆ ನೋಡಿ

ಒಂದು ಅಳತೆ ಟೇಪು, ಪೆನ್ಸಿಲ್, ನೋಟ್‌ಬುಕ್ ಸಾಕು. ಒಂದು ಸಲ ಬೆಳಿಗ್ಗೆ ಒಪಿಡಿ ತುಂಬಿದ್ದಾಗ ಹೋಗಿ. ಇನ್ನೊಂದು ಸಲ ಸಂಜೆ, ರೋಗಿಗಳನ್ನು ನೋಡಲು ಮನೆಯವರು ಬರುವ ಹೊತ್ತಿಗೆ ಹೋಗಿ. ಸಾಧ್ಯವಾದರೆ ರಾತ್ರಿಯೂ ಒಮ್ಮೆ ಸುತ್ತು ಹಾಕಿ. ಒಂದೇ ಗೋಡೆ ಮೂರು ಹೊತ್ತಿಗೆ ಮೂರು ಥರ ಕಾಣುತ್ತದೆ.

ನೋಡಬೇಕಾದದ್ದು ಏನು? ಮೊದಲನೆಯದು, ಜನ ಎಲ್ಲಿ ನಿಂತು ಅಥವಾ ಕೂತು ಕಾಯುತ್ತಾರೆ ಅನ್ನುವುದು. ಔಷಧಿ ಕೌಂಟರಿನ ಸಾಲು, ಸ್ಕ್ಯಾನಿಂಗ್ ಕೋಣೆಯ ಹೊರಗಿನ ಬೆಂಚು, ಹೆರಿಗೆ ವಾರ್ಡಿನ ಹೊರಗೆ ಮನೆಯವರು ಗಂಟೆಗಟ್ಟಲೆ ಕೂರುವ ಜಾಗ. ಮುಖ್ಯ ದ್ವಾರದ ಹಾಲ್ ಎಲ್ಲರಿಗೂ ಇಷ್ಟ, ಆದರೆ ಅಲ್ಲಿ ಯಾರೂ ನಿಲ್ಲುವುದಿಲ್ಲ. ಚೀಟಿ ಮಾಡಿಸುವ ಆತುರದಲ್ಲಿ ನಡೆದುಹೋಗುತ್ತಾರೆ.

ಎರಡನೆಯದು, ಗೋಡೆಯ ಮೇಲೆ ಈಗಾಗಲೇ ಏನಿದೆ ಅನ್ನುವುದು. ಬೆಂಕಿ ನಂದಿಸುವ ಸಿಲಿಂಡರ್, ನೀರಿನ ಪೈಪಿನ ಪೆಟ್ಟಿಗೆ, ಆಕ್ಸಿಜನ್ ಲೈನ್ ಬಂದ್ ಮಾಡುವ ವಾಲ್ವ್ ಪೆಟ್ಟಿಗೆ, ಸ್ವಿಚ್ ಬೋರ್ಡು, ಹೊರಹೋಗುವ ದಾರಿಯ ಫಲಕ, ಸಿಸಿ ಕ್ಯಾಮೆರಾ. ಇವುಗಳ ಅಕ್ಕಪಕ್ಕ ಎರಡು ಅಡಿ ಜಾಗ ಖಾಲಿ ಬಿಡಿ. ಇವು ಮುಚ್ಚಿದ್ದರಂತೂ ಮರುದಿನವೇ ನಿಮ್ಮ ಚಿತ್ರ ಕೆಳಗಿಳಿಯುತ್ತದೆ. ಇಳಿಯಲೂಬೇಕು.

ಮೂರನೆಯದು ಕಲೆ. ಗೋಡೆಯ ಮೇಲಿನ ಕಲೆಯ ಮಾತು ಹೇಳುತ್ತಿದ್ದೇನೆ. ಬೆಂಚಿನ ಹಿಂದೆ ತಲೆಯೆತ್ತರಕ್ಕೆ ಎಣ್ಣೆ ಕಲೆ ಇದ್ದರೆ ಜನ ಅಲ್ಲಿ ತಲೆ ಆನಿಸಿ ಕೂರುತ್ತಾರೆ ಅಂತ ಅರ್ಥ. ಮೂರಡಿ ಎತ್ತರದಲ್ಲಿ ಗೀರು ಇದ್ದರೆ ಸ್ಟ್ರೆಚರಿನ ಕಂಬಿ ಅಲ್ಲಿ ಬಡಿಯುತ್ತಿದೆ. ಮೆಟ್ಟಿಲ ತಿರುವಿನಲ್ಲಿ ಎಲೆಅಡಿಕೆ ಉಗಿದ ಕೆಂಪು ಇದ್ದರೆ ಆ ಮೂಲೆಯನ್ನು ಬಿಟ್ಟುಬಿಡಿ. ಚಿತ್ರ ಹಾಕಿದರೆ ಉಗಿಯುವುದು ನಿಲ್ಲುತ್ತದೆ ಅಂತ ಕೆಲವರು ಹೇಳುತ್ತಾರೆ. ನಾನು ನಂಬುವುದಿಲ್ಲ. ಹಸಿ ತೇವದ ಕಲೆ ಇದ್ದರೆ ಮಳೆಗಾಲದಲ್ಲಿ ಅದು ಚೌಕಟ್ಟಿನ ಹಿಂದೆ ಬೂಸ್ಟಾಗುತ್ತದೆ.

ಕೊನೆಗೆ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ. ಮೈಸೂರಿನ ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆಯಂಥ ರಾಜರ ಕಾಲದ ಕಟ್ಟಡಗಳಲ್ಲಿ ಹಳೇ ಗಾರೆ ಸಿಗುತ್ತದೆ. ಟೊಳ್ಳು ಸದ್ದು ಬಂದ ಕಡೆ ಮೊಳೆ ನಿಲ್ಲುವುದಿಲ್ಲ, ಹಿಡಿಗಾತ್ರ ಗಾರೆ ಉದುರಿಬಿಡುತ್ತದೆ. ಇಂಥ ಕಟ್ಟಡದಲ್ಲಿ ರಂಧ್ರ ಕೊರೆಯುವುದನ್ನೇ ಕೇಳಬೇಡಿ. ನೆಲದ ಮೇಲೆ ನಿಲ್ಲುವ ಭಾರವಾದ ಪ್ಯಾನಲ್, ಇಲ್ಲವೇ ಈಗಿರುವ ಮರದ ಪಟ್ಟಿ, ನೋಟಿಸ್ ಬೋರ್ಡು ಬಳಸಿ. ಹೊಸ ಕಟ್ಟಡದ ಸಿಮೆಂಟ್ ಗೋಡೆಯಾದರೆ ಈ ತೊಂದರೆ ಇಲ್ಲ.

## ಹಂತ 2: ವಾರ್ಡಿನವರ ಜೊತೆ ಮಾತಾಡಿ

ಇನ್ನೂ ಯಾರಿಗೂ ಪತ್ರ ಕೊಟ್ಟಿಲ್ಲ, ನೆನಪಿರಲಿ. ಮೊದಲು ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗಿ. ಪಾಳಿ ಬದಲಾಗುವ ಹೊತ್ತಿಗೆ ಮಾತ್ರ ಹೋಗಬೇಡಿ, ಆಗ ಅವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಮಧ್ಯಾಹ್ನ ಊಟ ಮುಗಿದ ಮೇಲೆ ಹೋಗಿ, ಎರಡೇ ಪ್ರಶ್ನೆ ಕೇಳಿ. "ಮೇಡಂ, ಈ ಗೋಡೆ ಮೇಲೆ ಏನಾದರೂ ಹಾಕಿದರೆ ನಿಮ್ಮ ಕೆಲಸಕ್ಕೆ ಅಡ್ಡಿ ಆಗತ್ತಾ?" "ಎಲ್ಲಿ ಹಾಕಿದರೆ ನಿಮಗೂ ಕಾಣತ್ತೆ?"

ಎರಡನೇ ಪ್ರಶ್ನೆ ಮುಖ್ಯ. ರೋಗಿ ನಾಲ್ಕು ದಿನ ಇದ್ದು ಮನೆಗೆ ಹೋಗುತ್ತಾರೆ. ಸಿಬ್ಬಂದಿ ವರ್ಷಗಟ್ಟಲೆ ಅದೇ ಗೋಡೆ ನೋಡುತ್ತಾರೆ. ನರ್ಸಿಂಗ್ ಸ್ಟೇಷನ್ ಎದುರಿನ ಗೋಡೆ, ಬಟ್ಟೆ ಬದಲಿಸುವ ಕೋಣೆ, ರಾತ್ರಿ ಪಾಳಿಯವರು ಟೀ ಕುಡಿಯುವ ಮೂಲೆ, ಇವುಗಳಿಗೂ ಒಂದೊಂದು ಚಿತ್ರ ಮೀಸಲಿಡಿ. ತಮ್ಮ ಕೋಣೆಗೆ ಯಾವ ಚಿತ್ರ ಬೇಕು ಅಂತ ಅವರೇ ಆರಿಸಲಿ. ಆಗ ಉಳಿದ ಚಿತ್ರಗಳ ಮೇಲೂ ಅವರ ಕಣ್ಣಿರುತ್ತದೆ.

ಆಮೇಲೆ ಸ್ವಚ್ಛತಾ ಸಿಬ್ಬಂದಿ. ಗೋಡೆಯನ್ನು ಯಾವುದರಿಂದ ಒರೆಸುತ್ತಾರೆ, ಎಷ್ಟು ಎತ್ತರದವರೆಗೆ ಒರೆಸುತ್ತಾರೆ, ದಿನಾ ಮಾಡುತ್ತಾರಾ ಅಂತ ಕೇಳಿ ಬರೆದುಕೊಳ್ಳಿ. ಐದನೇ ಹಂತದ ಚೌಕಟ್ಟು ಪೂರ್ತಿ ಈ ಉತ್ತರದ ಮೇಲೆ ನಿಂತಿದೆ. ಸೆಕ್ಯೂರಿಟಿಯವರನ್ನೂ ಮಾತಾಡಿಸಿ. ಏನು ಕಳುವಾಗುತ್ತದೆ, ಎಲ್ಲಿ ಕಳುವಾಗುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

## ಹಂತ 3: ಅನುಮತಿ ಪತ್ರ

ಸರ್ಕಾರಿ ಆಸ್ಪತ್ರೆಯಾದರೆ ಪತ್ರ ವೈದ್ಯಕೀಯ ಅಧೀಕ್ಷಕರ ಹೆಸರಿಗೆ. ಮಂಡ್ಯದ ಮಿಮ್ಸ್ (ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು), ಮೈಸೂರು ಮೆಡಿಕಲ್ ಕಾಲೇಜಿನಂಥ ಕಡೆ ನಿರ್ದೇಶಕರಿಗೂ ಒಂದು ಪ್ರತಿ ಕೊಡಿ. ಖಾಸಗಿ ಆಸ್ಪತ್ರೆಯಾದರೆ ಆಡಳಿತಾಧಿಕಾರಿ. ಎಲ್ಲಿಯೇ ಆಗಲಿ, ಸೋಂಕು ನಿಯಂತ್ರಣ ನೋಡಿಕೊಳ್ಳುವವರು ಮತ್ತು ಕಟ್ಟಡದ ನಿರ್ವಹಣೆಯವರು ಇಬ್ಬರ ಸಹಿಯೂ ಪತ್ರದ ಮೇಲೆ ಬೀಳಲಿ. ಬಾಯಿಮಾತಿನ ಒಪ್ಪಿಗೆ ನೆಚ್ಚಿಕೊಳ್ಳಬೇಡಿ. ಅಧೀಕ್ಷಕರಿಗೆ ವರ್ಗವಾದರೆ ನಿಮ್ಮ ಚಿತ್ರಕ್ಕೆ ದಿಕ್ಕಿಲ್ಲ.

ಪತ್ರ ಒಂದೇ ಪುಟ ಇರಲಿ. ಯಾವ ಗೋಡೆ, ಎಷ್ಟು ಚಿತ್ರ, ಎಷ್ಟು ತಿಂಗಳು, ಗೋಡೆಗೆ ಏನು ಮಾಡುತ್ತೀರಿ, ಇಳಿಸುವಾಗ ಏನು ಸರಿಮಾಡಿಕೊಡುತ್ತೀರಿ, ಖರ್ಚು ಯಾರದು. ಜೊತೆಗೆ ಗೋಡೆಗಳ ಕೈಬರಹದ ನಕ್ಷೆ ಇಡಿ. ಎರಡನೇ ಹಂತದಲ್ಲಿ ಸಿಸ್ಟರ್ ಹೇಳಿದ್ದನ್ನು ಅವರ ಅನುಮತಿ ಪಡೆದು ಸೇರಿಸಿ. "ವಾರ್ಡಿನವರು ಏನಂದರು?" ಎನ್ನುವುದು ಅಧೀಕ್ಷಕರು ಕೇಳುವ ಮೊದಲ ಪ್ರಶ್ನೆ. ಉತ್ತರ ಪತ್ರದಲ್ಲೇ ಇದ್ದರೆ ಕಡತ ಬೇಗ ಮುಂದೆ ಹೋಗುತ್ತದೆ.

ಪ್ರಯೋಜನ ಏನು ಅಂತ ಕೇಳಿದರೆ ಜಾಸ್ತಿ ಹೊಗಳಬೇಡಿ, ಎದುರಿಗೆ ಕೂತಿರುವವರು ಡಾಕ್ಟರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಲೆ ಮತ್ತು ಆರೋಗ್ಯದ ಬಗ್ಗೆ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಕಲೆಹಾಕಿ ವರದಿ ತಂದಿತು, ಅದನ್ನು ಹೇಳಬಹುದು. ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಎಲ್ಲರೂ ಉದ್ಧರಿಸುತ್ತಾರೆ. ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರಲ್ಲಿ ಕಿಟಕಿಯಾಚೆ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು ಎನ್ನುತ್ತದೆ ಅದು. ಆದರೆ ಅದು ಕಿಟಕಿಯ ಅಧ್ಯಯನ, ಚಿತ್ರದ್ದಲ್ಲ. ಹಾಗೆಯೇ ಹೇಳಿ. ಚಿತ್ರ ನೋಡಿದರೆ ಕಾಯಿಲೆ ವಾಸಿಯಾಗುತ್ತದೆ ಅಂತ ಬರೆದರೆ ಪತ್ರ ಅಲ್ಲಿಗೇ ನಿಲ್ಲುತ್ತದೆ.

## ಹಂತ 4: ಈಗ ಚಿತ್ರ ಆರಿಸಿ

ಒಂದು ಪರೀಕ್ಷೆ ಹೇಳುತ್ತೇನೆ. ಪ್ರತಿ ಚಿತ್ರದ ಮುಂದೆ ನಿಂತು ಕೇಳಿಕೊಳ್ಳಿ: ನಾಳೆ ಆಪರೇಷನ್ ಇರುವವರು, ಜ್ವರದಲ್ಲಿ ಕಣ್ಣು ಮಂಜಾಗಿರುವವರು, ಈಗಷ್ಟೇ ಕೆಟ್ಟ ಸುದ್ದಿ ಕೇಳಿ ಹೊರಗೆ ಬಂದವರು ಇದನ್ನು ನೋಡಿದರೆ ಏನನ್ನಿಸುತ್ತದೆ? ಗ್ಯಾಲರಿಯಲ್ಲಿ ಬಹುಮಾನ ಗೆದ್ದ ಚಿತ್ರಗಳು ಇಲ್ಲಿ ಬಿದ್ದುಹೋಗಬಹುದು. ಕೆಂಪು ಬಣ್ಣ ಎರಚಿದಂತಿರುವುದು, ಖಾಲಿ ಕುರ್ಚಿ, ಖಾಲಿ ಮಂಚ, ಒಣಗಿದ ಮರ, ನೆಟ್ಟ ನೋಟದ ಮುಖಗಳು, ಒಬ್ಬಂಟಿಯಾಗಿ ಬೆನ್ನು ಹಾಕಿ ನಡೆದುಹೋಗುವ ಮನುಷ್ಯ, ಇವೆಲ್ಲ ಬೇಡ. ಅರ್ಥವಾಗದ ಅಮೂರ್ತ ಚಿತ್ರವನ್ನು ವಾರ್ಡಿನೊಳಗೆ ತರಬೇಡಿ. ಭಯದಲ್ಲಿರುವ ಮನಸ್ಸು ಅದರಲ್ಲಿ ಭಯವನ್ನೇ ಕಾಣುತ್ತದೆ. ಸಿಬ್ಬಂದಿ ಕೋಣೆಯಲ್ಲಿ, ಕಾಲೇಜು ಬ್ಲಾಕಿನಲ್ಲಿ ಹಾಕಬಹುದು.

ಹಾಗಾದರೆ ಏನು ನಿಲ್ಲುತ್ತದೆ? ನೋಡಿದ ಕೂಡಲೇ "ಅರೆ, ಇದು ನಮ್ಮೂರು" ಅನ್ನಿಸುವಂಥದ್ದು. ಮಂಡ್ಯದಲ್ಲಿ ಆಲೆಮನೆ, ಕಬ್ಬಿನ ಗದ್ದೆ, ನಾಲೆ ಏರಿ, ಕೊಕ್ಕರೆ ಬೆಳ್ಳೂರಿನ ಹುಣಸೆ ಮರದ ಮೇಲೆ ಕೂತ ಹೆಜ್ಜಾರ್ಲೆ. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ, ದೇವರಾಜ ಮಾರುಕಟ್ಟೆಯ ಹೂವಿನ ಸಾಲು, ಪಕ್ಕದ ರಂಗನತಿಟ್ಟಿನ ಬಣ್ಣದ ಕೊಕ್ಕರೆಗಳು. ಹಳ್ಳಿಯಿಂದ ಬಂದ ರೋಗಿಯ ಕಡೆಯವರು ಆಲೆಮನೆ ಚಿತ್ರದ ಮುಂದೆ ನಿಂತು ಕೊಪ್ಪರಿಗೆ ಗಾತ್ರ ಸರಿಯಿಲ್ಲ ಅಂತ ವಾದ ಶುರು ಮಾಡಿದರೆ ನಿಮ್ಮ ಪ್ರದರ್ಶನ ಗೆದ್ದ ಹಾಗೆ.

ಇನ್ನು ದೇವರ ಚಿತ್ರದ ವಿಷಯ. ಮೈಸೂರಿನಲ್ಲಿ ಇದು ಸುಲಭವಲ್ಲ, ಯಾಕೆಂದರೆ ನಮ್ಮ ಸಾಂಪ್ರದಾಯಿಕ ಮೈಸೂರು ಶೈಲಿಯ ಚಿತ್ರಗಳಲ್ಲಿ ಬಹುಪಾಲು ದೇವರದೇ. ಚಾಮುಂಡೇಶ್ವರಿಯ ಚಿತ್ರ ಹಾಕಿದರೆ ಏನಾಗುತ್ತದೆ ಗೊತ್ತಾ? ಮೊದಲ ದಿನ ಯಾರೋ ಕುಂಕುಮ ಹಚ್ಚುತ್ತಾರೆ. ಎರಡನೇ ದಿನ ಹೂವು. ಮೂರನೇ ದಿನ ಊದುಬತ್ತಿ. ಆಕ್ಸಿಜನ್ ಹರಿಯುವ ಕಟ್ಟಡದಲ್ಲಿ ಊದುಬತ್ತಿ, ಕರ್ಪೂರ ಎಷ್ಟು ಅಪಾಯ ಅಂತ ಹೇಳಬೇಕಿಲ್ಲ. ಹಚ್ಚಿದವರನ್ನು ಬೈಯುವಂತೆಯೂ ಇಲ್ಲ, ಮಗು ಐಸಿಯುನಲ್ಲಿದ್ದಾಗ ಮನುಷ್ಯ ಮತ್ತೇನು ಮಾಡುತ್ತಾನೆ? ಜೊತೆಗೆ ಒಂದೇ ವಾರ್ಡಿನಲ್ಲಿ ಎಲ್ಲ ಧರ್ಮದವರೂ ಮಲಗಿರುತ್ತಾರೆ. ಆದ್ದರಿಂದ ಮೈಸೂರು ಶೈಲಿ ಬೇಕೇಬೇಕು ಅನ್ನುವವರು ಹೂಬಳ್ಳಿ, ನವಿಲು, ಆನೆ, ತೋಟದ ದೃಶ್ಯ ಬರೆಸಿ. ಅದೇ ಕೈಕೆಲಸ ಅಲ್ಲೂ ಕಾಣುತ್ತದೆ.

ವಾರ್ಡಿಗೆ ತಕ್ಕ ಹಾಗೆ ಕೆಲವು ಸೂಚನೆ. ಕಣ್ಣಿನ ವಾರ್ಡಿಗೆ ದೊಡ್ಡ ಆಕಾರ, ಗಾಢ ಬಣ್ಣ. ಡಯಾಲಿಸಿಸ್‌ಗೆ ಬರುವವರು ಒಂದು ಸಲಕ್ಕೆ ಸುಮಾರು ನಾಲ್ಕು ಗಂಟೆ, ವಾರಕ್ಕೆ ಎರಡು ಮೂರು ಸಲ ಅದೇ ಹಾಸಿಗೆಯಲ್ಲಿರುತ್ತಾರೆ. ಅಲ್ಲಿಗೆ ಸಣ್ಣ ಸಣ್ಣ ವಿವರ ತುಂಬಿದ ಜಾತ್ರೆ, ಸಂತೆಯ ಚಿತ್ರ ಸರಿ, ಮತ್ತು ಬೇಗ ಬೇಗ ಬದಲಿಸಬೇಕು. ಕೀಮೋ ಕೊಡುವ ಕಡೆ ಊಟ ತಿಂಡಿಯ ಚಿತ್ರ, ಕಣ್ಣು ಕುಕ್ಕುವ ಪಟ್ಟೆ ಪಟ್ಟೆ ವಿನ್ಯಾಸ ಬೇಡ, ವಾಕರಿಕೆ ಇರುವವರಿಗೆ ಹಿಂಸೆ. ಮಾನಸಿಕ ಆರೋಗ್ಯ ವಾರ್ಡಿಗೆ ಅಲ್ಲಿನ ಡಾಕ್ಟರನ್ನು ಕೇಳದೆ ಏನನ್ನೂ ಒಯ್ಯಬೇಡಿ. ಗಾಜು, ದಾರ, ಕೊಕ್ಕೆ ಯಾವುದೂ ಅಲ್ಲಿರಬಾರದು.

## ಹಂತ 5: ಮೂಲ ಚಿತ್ರವೋ, ಪ್ರಿಂಟೋ?

ರೋಗಿಗಳಿರುವ ಕಡೆ ಪ್ರಿಂಟ್. ಮೂಲ ಚಿತ್ರ ಹಾಕಲೇಬೇಕೆಂದರೆ ಸೆಕ್ಯೂರಿಟಿ ಕೂರುವ ಹಾಲ್, ಆಡಳಿತ ಬ್ಲಾಕು, ಸಭಾಂಗಣದಲ್ಲಿ ಮಾತ್ರ. ಕ್ಯಾನ್ವಾಸನ್ನು ಒರೆಸಲು ಆಗುವುದಿಲ್ಲ. ಚಿನ್ನದ ರೇಕಿನ ಕೆಲಸಕ್ಕೆ ಒದ್ದೆ ಬಟ್ಟೆ ತಗುಲಿದರೆ ಮುಗಿಯಿತು. ಮೈಸೂರಿನ ಕಾವಾದಂಥ ಕಲಾ ಕಾಲೇಜಿನ ಗ್ರಾಫಿಕ್ಸ್ ವಿಭಾಗದವರು ಮಾಡುವ ಅಚ್ಚುಚಿತ್ರಗಳು ಒಂದಕ್ಕಿಂತ ಹೆಚ್ಚು ಪ್ರತಿಯಲ್ಲಿರುತ್ತವೆ. ಆಸ್ಪತ್ರೆಗೆ ಅವು ಒಳ್ಳೇ ಆಯ್ಕೆ.

ಫ್ಲೆಕ್ಸ್ ಬೇಡ. ರಾಜ್ಯದಲ್ಲಿ 2016ರಲ್ಲೇ ನಿಷೇಧವಾಗಿದೆ, ವಾಸನೆಯೂ ಬರುತ್ತದೆ. ಒಳ್ಳೇ ಕಾಗದದ ಪ್ರಿಂಟ್ ಮಾಡಿಸಿ ಚೌಕಟ್ಟು ಹಾಕಿಸಿ. ಗಾಜಿನ ಬದಲು ಅಕ್ರಿಲಿಕ್ ಶೀಟ್ ಹಾಕಿಸಿ, ಬಿದ್ದರೂ ಗಾಜಿನ ಹಾಗೆ ಚೂರಾಗಿ ಸಿಡಿಯುವುದಿಲ್ಲ. ಹೊಳೆಯದ ಮ್ಯಾಟ್ ಶೀಟ್ ಸಿಕ್ಕರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಮಲಗಿದ ರೋಗಿಗೆ ಚಿತ್ರದ ಬದಲು ಟ್ಯೂಬ್‌ಲೈಟ್ ಕಾಣುತ್ತದೆ.

ಚೌಕಟ್ಟು ನುಣುಪಾಗಿರಬೇಕು. ಕೆತ್ತನೆ ಇರುವ ಮರ ಚೆಂದ, ಆದರೆ ಸಂದಿಯಲ್ಲಿ ಧೂಳು ಕೂರುತ್ತದೆ, ಒರೆಸಲಾಗುವುದಿಲ್ಲ. ಹಿಂಭಾಗವನ್ನು ಟೇಪಿನಿಂದ ಪೂರ್ತಿ ಮುಚ್ಚಿಸಿ. ಇಲ್ಲವಾದರೆ ಹಲ್ಲಿ, ಜಿರಳೆ, ಕಣಜ ಮೂರಕ್ಕೂ ಮನೆ ಸಿದ್ಧ.

ಅಕ್ರಿಲಿಕ್ ವಿಷಯದಲ್ಲಿ ಒಂದು ಎಚ್ಚರಿಕೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಸುಲಭವಾಗಿ ಕೈಗೆ ಸಿಗುವ ಸ್ಪಿರಿಟ್‌ನಿಂದ ಅದನ್ನು ಒರೆಸಿದರೆ ಸಣ್ಣ ಸಣ್ಣ ಬಿರುಕು ಬಿಟ್ಟು ಮಬ್ಬಾಗುತ್ತದೆ. ಹೈಪೋಕ್ಲೋರೈಟ್ ದ್ರಾವಣ (ಬ್ಲೀಚಿಂಗ್ ನೀರು) ತಗುಲಿದರೆ ಲೋಹದ ಚೌಕಟ್ಟು ತುಕ್ಕು ಹಿಡಿಯುತ್ತದೆ. ಸೋಪಿನ ನೀರಿನಲ್ಲಿ ಹಿಂಡಿದ ಮೆತ್ತನೆ ಬಟ್ಟೆ ಸಾಕು. ಇದಕ್ಕೆ ಸೋಂಕು ನಿಯಂತ್ರಣದವರು ಒಪ್ಪದ ಜಾಗವಿದ್ದರೆ, ಅಲ್ಲಿ ಚಿತ್ರ ಹಾಕಬೇಡಿ. ವಾದ ಮಾಡಬೇಡಿ.

## ಹಂತ 6: ಕಲಾವಿದರ ಜೊತೆ ಕಾಗದ ಮಾಡಿಕೊಳ್ಳಿ

ಪರಿಚಯದವರೇ ಆದರೂ ಬರೆದುಕೊಳ್ಳಿ. ಚಿತ್ರದ ಹೆಸರು, ಅಳತೆ, ಬೆಲೆ, ಎಲ್ಲಿಂದ ಎಲ್ಲಿವರೆಗೆ, ಹಾಳಾದರೆ ಯಾರು ಕೊಡಬೇಕು, ವಿಮೆ ಇದೆಯಾ, ಸಾಗಿಸುವ ಖರ್ಚು ಯಾರದು. ಒಯ್ಯುವ ದಿನ ಮುಂದೆ, ಹಿಂದೆ, ನಾಲ್ಕು ಮೂಲೆ ಫೋಟೊ ತೆಗೆದಿಡಿ. ಪ್ರಿಂಟ್ ಆದರೆ ಎಷ್ಟು ಪ್ರತಿ ತೆಗೆಯಬಹುದು, ಮುಗಿದ ಮೇಲೆ ಅವು ಯಾರಿಗೆ ಅನ್ನುವುದೂ ಇರಲಿ.

ಮಾರಾಟದ ಬೆಲೆಚೀಟಿ ಗೋಡೆ ಮೇಲೆ ಬೇಡ. ಔಷಧಿಗೆ ದುಡ್ಡು ಹೊಂದಿಸುತ್ತಿರುವವರ ಎದುರಿಗೆ ಅದು ಚೆನ್ನಾಗಿರುವುದಿಲ್ಲ. ಕೊಳ್ಳಬೇಕೆನ್ನುವವರು ಕಲಾವಿದರನ್ನೇ ಕೇಳಲಿ. ದಸರಾ ಸಮಯದಲ್ಲಿ ಕಲಾವಿದರೂ ಸಿಗುವುದಿಲ್ಲ, ಚೌಕಟ್ಟಿನ ಅಂಗಡಿಯವರೂ ಸಿಗುವುದಿಲ್ಲ, ದಿನಾಂಕ ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ.

## ಹಂತ 7: ಹಾಕುವ ದಿನ

ಒಪಿಡಿ ಇಲ್ಲದ ಭಾನುವಾರ ಒಳ್ಳೆಯದು. ಬೇಕಾದ ಸಾಮಾನು: ಡ್ರಿಲ್ ಮಷೀನ್, ರಾಲ್ ಪ್ಲಗ್ (ಸ್ಕ್ರೂ ಬಿಗಿಯಾಗಿ ಕೂರಲು ರಂಧ್ರಕ್ಕೆ ಹಾಕುವ ಬಿರಡೆ), ಸ್ಕ್ರೂ, ರಸಮಟ್ಟ, ಅಳತೆ ಟೇಪು, ಮಾಸ್ಕಿಂಗ್ ಟೇಪು, ಸಣ್ಣ ಏಣಿ, ವ್ಯಾಕ್ಯೂಮ್ ಕ್ಲೀನರ್, ಹಳೇ ಬೆಡ್‌ಶೀಟು, ಕಸದ ಚೀಲ. ಏಣಿಯನ್ನು ಹಿಡಿದುಕೊಳ್ಳಲು ಒಬ್ಬರು ಬೇಕೇಬೇಕು.

ಡ್ರಿಲ್ ಮಾಡುವಾಗ ಬರುವ ಧೂಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಳೇ ಗೋಡೆಯ ಧೂಳಿನಲ್ಲಿ ಬೂಸ್ಟಿನ ಕಣಗಳಿರುತ್ತವೆ. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಅದರಿಂದ ಶ್ವಾಸಕೋಶದ ಸೋಂಕು ಬರಬಹುದು. ಐಸಿಯು, ಕ್ಯಾನ್ಸರ್ ವಾರ್ಡು, ಡಯಾಲಿಸಿಸ್, ನವಜಾತ ಶಿಶುಗಳ ಘಟಕದ ಹತ್ತಿರ ಡ್ರಿಲ್ ಮಾಡಲೇಬಾರದು. ಬೇರೆ ಕಡೆ ಮಾಡುವಾಗ ಒಬ್ಬರು ಕೊರೆಯಲಿ, ಇನ್ನೊಬ್ಬರು ವ್ಯಾಕ್ಯೂಮ್ ಪೈಪನ್ನು ರಂಧ್ರದ ಕೆಳಗೇ ಹಿಡಿಯಲಿ. ಗೋಡೆಯೊಳಗೆ ಕರೆಂಟಿನ ಅಥವಾ ಆಕ್ಸಿಜನ್ ಲೈನ್ ಇಲ್ಲ ಅಂತ ನಿರ್ವಹಣೆಯವರಿಂದ ಖಚಿತ ಮಾಡಿಕೊಂಡ ಮೇಲೆಯೇ ಮಷೀನ್ ಹಿಡಿಯಿರಿ.

ಎತ್ತರದಲ್ಲಿ ಬಹಳ ಜನ ತಪ್ಪುತ್ತಾರೆ. ಗ್ಯಾಲರಿಯಲ್ಲಿ ಚಿತ್ರದ ಮಧ್ಯಭಾಗ ನೆಲದಿಂದ ಸುಮಾರು 150 ಸೆಂ.ಮೀ. ಇರುತ್ತದೆ, ಅದು ನಿಂತವರ ಲೆಕ್ಕ. ಕಾಯುವ ಜಾಗದಲ್ಲಿ ಜನ ಬೆಂಚಿನ ಮೇಲೆ, ವೀಲ್‌ಚೇರಿನಲ್ಲಿ ಕೂತಿರುತ್ತಾರೆ. ಅಲ್ಲಿ 130 ಸೆಂ.ಮೀ. ಆಸುಪಾಸು ಇರಲಿ, ಬೆಂಚಿನ ಎದುರಿನ ಗೋಡೆಗೆ ಹಾಕಿ. ಬೆಂಚಿನ ಹಿಂದೆ ಹಾಕಿದರೆ ಯಾರಿಗೂ ಕಾಣುವುದಿಲ್ಲ, ಎಣ್ಣೆ ಮಾತ್ರ ಹತ್ತುತ್ತದೆ. ಕಾರಿಡಾರಿನಲ್ಲಿ ಚೌಕಟ್ಟಿನ ಕೆಳ ಅಂಚು ಸ್ಟ್ರೆಚರಿನ ಕಂಬಿಗಿಂತ ಮೇಲಿರಬೇಕು. ಅಲ್ಲಿನ ಸ್ಟ್ರೆಚರನ್ನೇ ಗೋಡೆ ಪಕ್ಕ ನಿಲ್ಲಿಸಿ ಅಳೆಯಿರಿ. ಗೋಡೆಯಿಂದ ಎರಡು ಇಂಚಿಗಿಂತ ಹೆಚ್ಚು ಹೊರಚಾಚಬಾರದು. ಮಕ್ಕಳ ವಾರ್ಡಿನಲ್ಲಿ ಮಕ್ಕಳ ಕಣ್ಣಿನ ಎತ್ತರಕ್ಕೆ ಹಾಕಿ, ಮುಟ್ಟುತ್ತಾರೆ ಅಂತ ಗೊತ್ತಿಟ್ಟುಕೊಂಡೇ ಹಾಕಿ. ವಾರ್ಡಿನೊಳಗೆ ಹಾಸಿಗೆಯ ತಲೆಯ ಮೇಲೆ ಯಾವತ್ತೂ ಬೇಡ. ರೋಗಿಗೆ ಕಾಣುವುದೂ ಇಲ್ಲ, ಬಿದ್ದರೆ ಅವರ ಮೇಲೆಯೇ.

ದಾರದಿಂದ ನೇತು ಹಾಕಬೇಡಿ. ಓರೆಯಾಗುತ್ತದೆ, ಎತ್ತಿಕೊಂಡು ಹೋಗುವುದೂ ಸುಲಭ. ಚೌಕಟ್ಟಿಗೆ ಲೋಹದ ಪಟ್ಟಿ ಹಾಕಿ ಮೇಲೆ ಎರಡು, ಕೆಳಗೆ ಒಂದು ಸ್ಕ್ರೂನಿಂದ ಗೋಡೆಗೆ ಬಿಗಿಯಿರಿ.

## ಹಂತ 8: ಪಕ್ಕದ ಚೀಟಿ

ಕನ್ನಡ ಮೊದಲು, ದೊಡ್ಡ ಅಕ್ಷರ. ಚಿತ್ರದ ಹೆಸರು, ಕಲಾವಿದರ ಹೆಸರು, ಯಾವ ಊರಿನ ದೃಶ್ಯ, ಅಷ್ಟು ಸಾಕು. ತತ್ವಜ್ಞಾನ ಬೇಡ. ಪ್ರಾಯೋಜಕರ ಹೆಸರನ್ನು ಒಂದು ಕಡೆ ಸಣ್ಣದಾಗಿ ಹಾಕಿ. ಔಷಧಿ ಕಂಪನಿಯ ಪ್ರಾಯೋಜನೆಯಾದರೆ ಆಸ್ಪತ್ರೆಯವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ.

## ಹಂತ 9: ಉದ್ಘಾಟನೆ

ಮಾಡದಿದ್ದರೂ ನಡೆಯುತ್ತದೆ. ಮಾಡಲೇಬೇಕೆಂದರೆ ಸಭಾಂಗಣದಲ್ಲಿ ಮಾಡಿ, ಕಾರಿಡಾರಿನಲ್ಲಿ ಬೇಡ. ದೀಪ, ಹೂವಿನ ಹಾರ, ಮೈಕು, ಶಾಮಿಯಾನ ಯಾವುದೂ ಬೇಡ. ಗಣ್ಯರು ಬಂದರೆ ಜೊತೆಗೆ ಜನ ಬರುತ್ತಾರೆ, ಸ್ಟ್ರೆಚರ್ ನಿಲ್ಲುತ್ತದೆ. ವಾರ್ಡಿನ ಹಿರಿಯ ಆಯಾ ಒಬ್ಬರಿಂದ ಉದ್ಘಾಟನೆ ಮಾಡಿಸಿದರೆ ಖರ್ಚೂ ಇಲ್ಲ, ಗಲಾಟೆಯೂ ಇಲ್ಲ.

ಫೋಟೊ ತೆಗೆಯುವಾಗ ರೋಗಿಗಳ ಮುಖ, ಹಾಸಿಗೆ ಬಳಿಯ ಕೇಸ್ ಶೀಟು ಬರದಂತೆ ನೋಡಿಕೊಳ್ಳಿ. "ರೋಗಿಯೊಬ್ಬರು ಚಿತ್ರ ನೋಡಿ ನಗುತ್ತಿರುವ ಫೋಟೊ ಒಂದು ಬೇಕು" ಅಂತ ಯಾರು ಕೇಳಿದರೂ ಇಲ್ಲ ಅನ್ನಿ.

## ಹಂತ 10: ಮೊದಲ ತಿಂಗಳು ಕಣ್ಣಿಡಿ

ಹಾಕಿ ಹೋಗಿಬಿಡುವವರೇ ಜಾಸ್ತಿ. ವಾರಕ್ಕೊಮ್ಮೆ ಸುತ್ತು ಹಾಕಿ. ಅಭಿಪ್ರಾಯ ಪುಸ್ತಕದಲ್ಲಿ ಎಲ್ಲರೂ "ಚೆನ್ನಾಗಿದೆ" ಅಂತಲೇ ಬರೆಯುತ್ತಾರೆ. ಗೋಡೆ ನೋಡಿದರೆ ನಿಜ ತಿಳಿಯುತ್ತದೆ.

ಚೌಕಟ್ಟಿನ ಮೇಲೆ ನೋಟಿಸ್ ಅಂಟಿಸಿದ್ದರೆ, ಅದು ಮೊದಲಿನಿಂದ ನೋಟಿಸ್ ಹಾಕುವ ಗೋಡೆ. ಚಿತ್ರ ಸರಿಸಿ, ಅವರಿಗೆ ಬೋರ್ಡು ಕೊಡಿಸಿ. ಸ್ಕ್ರೂಗೆ ಚೀಲ ತೂಗುಹಾಕಿದ್ದರೆ ಅಲ್ಲಿ ಜನಕ್ಕೆ ಬೇಕಿರುವುದು ಕೊಕ್ಕೆ. ಪಕ್ಕದಲ್ಲೇ ಎರಡು ಕೊಕ್ಕೆ ಹಾಕಿಸಿಕೊಡಿ. ಚಿತ್ರ ಪದೇಪದೇ ಸಡಿಲವಾಗುತ್ತಿದ್ದರೆ ಏನೋ ತಗುಲುತ್ತಿದೆ. ಅಕ್ರಿಲಿಕ್ ಮಬ್ಬಾಗಿದ್ದರೆ ಸ್ಪಿರಿಟ್ ಬಳಸುತ್ತಿದ್ದಾರೆ. ಒರೆಸುವವರು ಬದಲಾಗಿರಬಹುದು, ಮತ್ತೆ ಹೇಳಿಕೊಡಿ. ಒಳಗೆ ಹಬೆ ಕಟ್ಟಿದರೆ ಅವತ್ತೇ ಇಳಿಸಿ.

ಯಾರಾದರೂ ಒಬ್ಬ ರೋಗಿ ಈ ಚಿತ್ರ ನೋಡಿದರೆ ಸಂಕಟವಾಗುತ್ತದೆ ಎಂದರೆ ಕಾರಣ ಕೇಳಬೇಡಿ. ತೆಗೆದು ಬೇರೆ ಹಾಕಿ. ಇದಕ್ಕಾಗಿಯೇ ಮೂರ್ನಾಲ್ಕು ಚಿತ್ರ ಹೆಚ್ಚುವರಿ ಇಟ್ಟುಕೊಂಡಿರಿ. ತೆಗೆಯುವ ಅಧಿಕಾರ ಸಿಸ್ಟರ್‌ಗೂ ಇರಬೇಕು. ಒಂದು ಸ್ಕ್ರೂ ಡ್ರೈವರ್ ಅವರ ಡ್ರಾಯರಿನಲ್ಲಿ ಇಟ್ಟುಬಿಡಿ.

## ಹಂತ 11: ಬದಲಿಸುವುದು, ಇಳಿಸುವುದು

ಡಯಾಲಿಸಿಸ್ ಬಿಟ್ಟು ಉಳಿದ ಕಡೆ ಮೂರು ತಿಂಗಳಿಗೊಮ್ಮೆ ಬದಲಿಸಿದರೆ ಸಾಕು. ಅದೇ ಅಳತೆಯ ಚೌಕಟ್ಟು ಮಾಡಿಸಿಟ್ಟುಕೊಂಡರೆ ಹಳೇ ರಂಧ್ರಕ್ಕೇ ಹೊಸ ಚಿತ್ರ ಕೂರುತ್ತದೆ, ಮತ್ತೆ ಡ್ರಿಲ್ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೋಡೆಗೆ ತಾಗಿದ ಜಾಗಗಳನ್ನು ಖಾಲಿ ಬಿಡುವುದು ಕ್ಷೇಮ.

ಪೂರ್ತಿ ಮುಗಿಸುವ ದಿನ ಫೋಟೊ ಪಟ್ಟಿ ಹಿಡಿದು ಒಂದೊಂದೇ ಚಿತ್ರ ತಾಳೆ ನೋಡಿ, ಒರೆಸಿ, ಕಲಾವಿದರಿಗೆ ಕೊಟ್ಟು ಸಹಿ ಪಡೆಯಿರಿ. ರಂಧ್ರಗಳಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಅದೇ ಬಣ್ಣ ಹಚ್ಚಿಸಿ. ಬಣ್ಣದ ನಂಬರನ್ನು ನಿರ್ವಹಣೆಯವರಿಂದ ಮೊದಲೇ ಬರೆಸಿಕೊಂಡಿರಬೇಕು, ಇಲ್ಲವಾದರೆ ಗೋಡೆಯ ತುಂಬ ತೇಪೆ ಕಾಣುತ್ತದೆ. ಗೋಡೆ ಸರಿಯಾಗಿದೆ ಎಂದು ಅಧೀಕ್ಷಕರ ಕಚೇರಿಯಿಂದ ಒಂದು ಸಾಲು ಬರೆಸಿಕೊಂಡು ಕಡತದಲ್ಲಿಡಿ. ಮುಂದಿನ ಆಸ್ಪತ್ರೆಗೆ ಹೋದಾಗ ಪತ್ರದ ಜೊತೆ ಅದರ ನಕಲನ್ನೇ ಮೊದಲು ಕೊಡಿ.